ಪಾಲಿಗೆ ಬಾರದ ಕದಿರಪ್ಪ

ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿ ಶ್ರೀರಾಮಪ್ಪ, ಕೋದಂಡಪ್ಪ ಎಂಬ ಅಣ್ಣತಮ್ಮಂದಿರದು. ಕದಿರಪ್ಪ ಅವರ ಒಬ್ಬಳೇ ತಂಗಿಯ ಮಗ. ಅವಳು ಹೆರಿಗೆಯಲ್ಲೇ ತೀರಿಕೊಂಡಳು. ಅವನಪ್ಪ ಊರಿಗಾಂ ಚಿನ್ನದ ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಕೂಸನ್ನು ಹೆಗಲ ಮೇಲೆ ಹೊತ್ತು ತಂದವರು ಈ ಸೋದರಮಾವಂದಿರೇ. ದೊಡ್ಡತ್ತೆ ಮುದ್ದೆ ಮುರಿದು ಬಾಯಿಗಿಟ್ಟರೆ ಚಿಕ್ಕತ್ತೆ ಸಾರು ಬಡಿಸುತ್ತಿದ್ದಳು. ಆ ಮನೆ ಬಿಟ್ಟರೆ ಅವನಿಗೆ ಬೇರೆ ದಿಕ್ಕಿರಲಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಹೊಸ ಆದಾಯ ತೆರಿಗೆ ಕಾನೂನು ಜಾರಿಗೆ ಬಂತು. ಆ ಹೊತ್ತಿಗೆ ಹರೆಯಕ್ಕೆ ಬಂದಿದ್ದ ಕದಿರಪ್ಪ ಸಂಜೆಯ ರೈಲು ಹತ್ತಿ ರಾಬರ್ಟ್‌ಸನ್‌ಪೇಟೆಯ ಮುದುಕ ವಕೀಲರೊಬ್ಬರ ಜಗಲಿಗೆ ಆ ಕಾನೂನಿನ ಪಾಠಕ್ಕೆ ಹೋಗತೊಡಗಿದ. ನಾಲ್ಕಕ್ಷರ ಹೊಸದಾಗಿ ಕಲಿತವನ ನಾಲಿಗೆ ಸುಮ್ಮನಿದ್ದೀತೇ? ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿಬಿಟ್ಟ.

"ದೊಡ್ಮಾವ, ಒಟ್ಟು ಕುಟುಂಬ ಅಂದ್ರೆ ಸರ್ಕಾರಕ್ಕೆ ಒಬ್ಬ ಆಸಾಮಿ ಇದ್ದಂಗೆ. ಎಲ್ಲಾರ ಆದಾಯಾನೂ ಒಂದೇ ಗುಡ್ಡೆ. ಗುಡ್ಡೆ ದೊಡ್ಡದಾದಂಗೆ ತೆರಿಗೆ ದರಾನೂ ಜಾಸ್ತಿ. ಭಾಗ ಆದ್ರೆ ಇಬ್ರಿಗೂ ಕಮ್ಮಿ."

"ಕಾಗದದಾಗೆ ಭಾಗ ಮಾಡ್ಕೊಂಡ್ರೆ ಸಾಕೇನ್ಲಾ?" ಶ್ರೀರಾಮಪ್ಪ ಕೇಳಿದರು.

"ಸಾಲ್ದು ಮಾವ. ಆಸ್ತೀನ ನಿಜವಾಗ್ಲೂ ಅಂಚ್ಕೋಬೇಕು. ಆಫೀಸರು ಬಂದು ವಿಚಾರಿಸ್ತಾರೆ."

ಅಷ್ಟೇ ಸಾಕಾಯಿತು. ಮಂಡಿ, ಹೊಲ, ಕೊಟ್ಟಿಗೆ ಎಲ್ಲವೂ ಹಂಚಿಹೋದವು. ಆಫೀಸರಿಗೆ ಅನುಮಾನದ ಸುಳಿವೂ ಸಿಗಬಾರದೆಂದು ಶ್ರೀರಾಮಪ್ಪನವರು ಅಡಿಗೆಮನೆಗೂ ಅಡ್ಡಗೋಡೆ ಎತ್ತಿಸಿ ಎರಡನೇ ಒಲೆ ಹೂಡಿಸಿದರು. ಒಲೆ ಬೇರೆಯಾಗಬೇಕೆಂದು ಕಾನೂನಿನಲ್ಲಿಲ್ಲ ಎಂದು ಕದಿರಪ್ಪ ಗೋಗರೆದ. ಲಾಭದ ಮಾತಿಗೆ ನಿಮಿರಿದ್ದ ಕಿವಿಗಳು ಈಗ ಕಿವುಡಾದವು. ನಾಲ್ಕು ದಿನದ ನಾಟಕ, ಆಮೇಲೆ ಒಂದಾಗೋಣ ಎಂದರು. ಎಲ್ಲಿಯ ಒಂದಾಗುವುದು! ತಿಂಗಳೊಳಗೆ ಅತ್ತೆಯರು ಸೌದೆಗೂ ಮಜ್ಜಿಗೆಗೂ ಜಗಳ ತೆಗೆದರು.

ಕದಿರಪ್ಪ ಯಾರ ಪಾಲಿಗೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಒಂದು ಹೊತ್ತು ಆಚೆ, ಒಂದು ಹೊತ್ತು ಈಚೆ ಉಣ್ಣುತ್ತಿದ್ದ. ತಟ್ಟೆ ಮುಂದಿಡುವಾಗ ಅತ್ತೆಯರ ಮುಖ ಮೊದಲಿನಂತಿರಲಿಲ್ಲ. ತಾನು ಬಾಯಿಮುಚ್ಚಿಕೊಂಡು ಉಂಡೆದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಆಫೀಸರು ಬಂದರು. ಎರಡೂ ಒಲೆ ನೋಡಿದರು. ಜಗಲಿಯ ಕಂಬಕ್ಕೊರಗಿ ನಿಂತಿದ್ದ ಕದಿರಪ್ಪನತ್ತ ಕೈ ತೋರಿಸಿ, "ಈ ಹುಡುಗ ಯಾರು? ಯಾರ ಮನೇಲಿ ಊಟ ಮಾಡ್ತಾನೆ?" ಎಂದರು.

ಸೋದರಳಿಯ ಒಟ್ಟು ಕುಟುಂಬದ ಪಾಲುದಾರನಲ್ಲ. ಅವನು ಎರಡೂ ಕಡೆ ಉಂಡರೂ ಭಾಗಕ್ಕೇನೂ ಧಕ್ಕೆಯಿಲ್ಲ. ಇದು ಕದಿರಪ್ಪನಿಗೆ ಗೊತ್ತಿತ್ತು, ಮಾವಂದಿರಿಗೆ ಗೊತ್ತಿರಲಿಲ್ಲ. ಅವನು ಹೇಳಲಿಲ್ಲ. ಕಾನೂನು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ನಮ್ಮ ಹುಡುಗ ಎಂದು ಇಬ್ಬರಲ್ಲಿ ಒಬ್ಬರಾದರೂ ಅನ್ನಲಿ ಎಂದು ಕಾದ.

ಶ್ರೀರಾಮಪ್ಪ ತಮ್ಮನ ಮುಖ ನೋಡಿದರು. ಕೋದಂಡಪ್ಪ ನೆಲ ನೋಡಿದರು.

"ನಮ್ಮೋನಲ್ಲ ಸಾರ್. ಊರಿಗಾಂ ಕಡೆಯೋನು, ಇಂಗೇ ಬಂದೋಗ್ತಿರ್ತಾನೆ" ಎಂದರು ಶ್ರೀರಾಮಪ್ಪ.

ಆಫೀಸರು ಬರೆದುಕೊಂಡು ಹೊರಟರು. ಕೋದಂಡಪ್ಪ ಹತ್ತಿರ ಬಂದು, "ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ, ಬಾಯಿ ಮಾತ್ಗೆ ಅಂದಿದ್ದು. ಓಗು, ಅಣ್ಣನ ಮನೇಲಿ ಉಂಡ್ಕೋ" ಎಂದರು.

ಕದಿರಪ್ಪ ಯಾರ ಒಲೆಯ ಮುಂದೆಯೂ ಕೂರಲಿಲ್ಲ. ಆ ಸಂಜೆ ಪಾಠಕ್ಕೆಂದು ರೈಲು ಹತ್ತಿದವನು ವಾಪಸು ಬರಲಿಲ್ಲ. ಎರಡು ದಿನ ಅದು ಯಾರ ಗಮನಕ್ಕೂ ಬರಲಿಲ್ಲ. ಗೋಡೆಯಾಚೆ ಉಂಡು ಮಲಗಿರುತ್ತಾನೆ ಎಂದು ಎರಡು ಮನೆಯವರೂ ಅಂದುಕೊಂಡಿದ್ದರು.