ಮೂವತ್ತಾರು ರೂಪಗಳ ಪುಟ

ಮೊಳೆಯಣ್ಣ ತೀರಿಹೋಗಿ ಹನ್ನೆರಡು ದಿನವಾಯಿತು. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವನು. ಅಕ್ಷರಗಳನ್ನು ತಿರುಗುಮುರುಗಾಗಿ ಓದಿ ಓದಿ, ಪತ್ರಿಕೆಯನ್ನು ನೆಟ್ಟಗೆ ಹಿಡಿದರೆ ಕಣ್ಣು ನೋಯುತ್ತದೆ ಎಂದು ನಗಿಸುತ್ತಿದ್ದ.

ಕಳೆದ ವರ್ಷ ಅವನ ಬಲಗೈ ನಡುಗತೊಡಗಿತು. ಹೆಂಡತಿಗೂ ಬಾಯಿ ಬಿಡದೆ, ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡ. ಆದರೆ ಜೋಡಿಸಿದ ಎರಡು ಪುಟಗಳು ಕೈಜಾರಿ ನೆಲದ ಮೇಲೆ ಚೆಲ್ಲಾಪಿಲ್ಲಿಯಾದಾಗ ಮುಚ್ಚಿಡುವಂತಿರಲಿಲ್ಲ. ಅಚ್ಚುಕೂಟದ ಮೇಸ್ತ್ರಿ ಬಂದು ನಿಂತ. ಅವನಿಗೆ ಮೊಳೆ ಹಿಡಿಯಲು ಕಲಿಸಿದವನೇ ಮೊಳೆಯಣ್ಣ.

"ಅಣ್ಣ, ಲ್ಯಾಟಿನ್ ವ್ಯಾಕರಣದ ಈ ಪುಟ ಸಂಜೆ ಐದಕ್ಕೆ ಯಂತ್ರಕ್ಕೆ ಹೋಗ್ಬೇಕು. ಇದೂ ಬಿದ್ರೆ ನಾಳೆಯಿಂದ ನೀನು ಮನೇಲಿರು. ಮಾಲೀಕರ ಮಾತು, ನಂದಲ್ಲ."

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಸರಿ, ಬೆಳಕಿಗೆ ಅಡ್ಡ ನಿಲ್ಬೇಡ."

ಪುಟದ ತುಂಬ ಒಂದೇ ಗುಣವಾಚಕ, ಓತಿಯೋಸುಸ್. ಬಿಡುವಾಗಿರುವ, ಕೆಲಸವಿಲ್ಲದ, ನಿಶ್ಚಿಂತವಾದ ಎಂದು ಅರ್ಥ. ಪುಲ್ಲಿಂಗಕ್ಕೆ ಓತಿಯೋಸುಸ್, ಸ್ತ್ರೀಲಿಂಗಕ್ಕೆ ಓತಿಯೋಸಾ, ನಪುಂಸಕಕ್ಕೆ ಓತಿಯೋಸುಮ್. ಮೂರು ಲಿಂಗ, ಆರು ವಿಭಕ್ತಿ, ಎರಡು ವಚನ ಸೇರಿ ಮೂವತ್ತಾರು ರೂಪ. ಅರ್ಥ ಓದಿ ಅವನಿಗೆ ಮೈ ಉರಿಯಿತು. ನಾಳೆ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡದ ತನ್ನನ್ನು ಹೆಂಡತಿ ಏನೂ ಕೇಳದೆ ನೋಡುವುದು ಕಣ್ಣಿಗೆ ಕಟ್ಟಿತು.

ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಒತ್ತಿ ಒಂದೊಂದೇ ಮೊಳೆ ಕೂರಿಸಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ಪುಟದ ಸುತ್ತ ದಾರ ಬಿಗಿದ. ಉಳಿದದ್ದು ಅದನ್ನೆತ್ತಿ ಯಂತ್ರದವರೆಗೆ ಮೂರು ಹೆಜ್ಜೆ ನಡೆಯುವುದು. ಹಿಂದಿನ ಎರಡೂ ಬಿದ್ದದ್ದು ಇಲ್ಲೇ.

ಅವನು ಕೈ ಚಾಚಿದ, ಬೆರಳುಗಳು ಕುಣಿದವು. ಹಿಂತೆಗೆದುಕೊಂಡ.

"ಬಾರೋ ಇಲ್ಲಿ. ಆ ತುದಿ ಹಿಡ್ಕೋ," ಎಂದ ಮೇಸ್ತ್ರಿಗೆ.

"ನಾನಾ?"

"ಮತ್ತೆ ಮಾಲೀಕರನ್ನ ಕರೀಲಾ? ಇಷ್ಟು ವರ್ಷದಲ್ಲಿ ಯಾರಿಗೂ ಹಿಡ್ಕೋ ಅಂದೋನಲ್ಲ ನಾನು. ಹೆಬ್ಬೆರಳು ಒಳಗೆ. ಕಲಿಸಿದ್ದು ಮರ್ತ್ಯಾ?"

"ಬಿದ್ರೆ?"

"ಇಬ್ರೂ ಮನೇಲಿರೋಣ."

ಮೇಸ್ತ್ರಿ ಮಾಲೀಕರ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ತುದಿ ಹಿಡಿದ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಪುಟ ಯಂತ್ರದ ಹಾಸಿನ ಮೇಲೆ ಕೂತಿತು. ಒಂದು ಮೊಳೆಯೂ ಅಲುಗಿರಲಿಲ್ಲ.

"ನಾಳೆ ಏಳೂವರೆಗೇ ಬಾ," ಎಂದ ಮೇಸ್ತ್ರಿ, ಎತ್ತಲೋ ನೋಡುತ್ತ.

ಆಮೇಲಿನ ಹನ್ನೊಂದು ತಿಂಗಳು ಮೊಳೆಯಣ್ಣನ ಪ್ರತಿ ಪುಟವನ್ನೂ ಇಬ್ಬರೂ ಸೇರಿ ಎತ್ತಿದರು. ಮೊನ್ನೆ ಅಚ್ಚುಕೂಟದಲ್ಲಿ ಮೇಸ್ತ್ರಿ ಒಬ್ಬನೇ ಒಂದು ಪುಟದ ಮುಂದೆ ನಿಂತಿದ್ದ. ತನ್ನ ತುದಿಯನ್ನಷ್ಟೇ ಹಿಡಿದು, ಸ್ವಲ್ಪ ಹೊತ್ತು ಕಾದ.