ತಪಾಸಣೆ ಅಂದಿದ್ದಕ್ಕೆ ಓಡಿದ ತಾಂಡಾ

ಅದು ಎರಡು ಸಾವಿರದ ಮೂರೋ ನಾಲ್ಕೋ. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ. ಚಳಿಗಾಲವಂತೂ ಹೌದು. ಆಗ ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಭಾನುವಾರ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಹಾವೇರಿಯ ಡಾಕ್ಟರಬಾಯಿಯೊಬ್ಬರು ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಲಂಬಾಣಿ ತಾಂಡಾಗಳಿಗೆ ಔಷಧಿ ಒಯ್ಯುತ್ತಾರೆಂದು ಕೇಳಿ ನಾನೂ ಸೇರಿದೆ. ಸೇರಿದ ದಿನವೇ, ವಾರಕ್ಕೊಮ್ಮೆ ಗುಳಿಗೆ ಹಂಚಿದರೆ ಏನು ಬದಲಾದೀತು ಎಂದು ವಾದ ತೆಗೆದಿದ್ದೆ.

"ಸರ, ಅನುಮಾನ ಆಮ್ಯಾಲ ಪಡ್ರಿ. ಮೊದಲು ಈ ಡಬ್ಬಿ ಹಿಡೀರಿ" ಅಂದಿದ್ದರು ಅವರು.

ಆ ಭಾನುವಾರ ಬ್ಯಾಡಗಿ ಕಡೆಯ ಒಂದು ತಾಂಡಾಕ್ಕೆ ಹೊರಟದ್ದು ಒಂದು ಕೂಸಿನ ಸಲುವಾಗಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಡಾಕ್ಟರಬಾಯಿಗೆ ಸುದ್ದಿ ಮುಟ್ಟಿಸಿದ್ದರು: ಕೂಸು ದಮ್ಮು ಎಳೀತೈತಿ, ಮೊಲಿ ಹಿಡೀವಲ್ದು. ಇಂದು ನೋಡದಿದ್ದರೆ ಕೂಸು ಕೈಬಿಟ್ಟು ಹೋಗುತ್ತದೆಂದು ಡಾಕ್ಟರಬಾಯಿ ದಾರಿಯುದ್ದಕ್ಕೂ ಡ್ರೈವರನಿಗೆ ಅವಸರ ಹಚ್ಚಿದ್ದರು.

ಡ್ರೈವರನೇ ನಮ್ಮ ಪ್ರಚಾರಕ. ಚುನಾವಣೆಗಳಲ್ಲಿ ಮೈಕು ಹಿಡಿದು ಪಳಗಿದ ಮನುಷ್ಯ. ತಾಂಡಾ ಕಾಣುತ್ತಲೇ ಗಂಟಲು ಸರಿಮಾಡಿಕೊಂಡು ಜೀಪಿನ ಮೈಕಿನಲ್ಲಿ ಪುಸ್ತಕದ ಕನ್ನಡ ಶುರುಮಾಡಿದ: "ಬಂಧುಗಳೇ, ಹಾವೇರಿಯಿಂದ ತಂಡ ಬಂದಿದೆ! ಮನೆಮನೆಗೂ ಬಂದು ತಪಾಸಣೆ ಮಾಡಲಿದೆ! ಯಾರೂ ತಪ್ಪಿಸಿಕೊಳ್ಳಬಾರದು!"

ನಾವು ಜೀಪಿನಿಂದ ಇಳಿಯುವಷ್ಟರಲ್ಲಿ ತಾಂಡಾ ಖಾಲಿ. ಒಂದು ಒಲೆಯ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಆಚೆ ಜೋಳದ ಹೊಲ ಗಾಳಿಯಿಲ್ಲದೆಯೂ ಅಲ್ಲಾಡುತ್ತಿತ್ತು. ಉಳಿದವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಒಬ್ಬ ಮುದುಕಿ ಮಾತ್ರ. ಮೈಮೇಲೆ ಕನ್ನಡಿ ಚೂರಿನ ಕುಪ್ಪಸ, ಮೊಣಕೈ ದಾಟಿದ ಬಳೆಗಳು.

"ಆಯಿ, ಎಲ್ಲಾರೂ ಎಲ್ಲಿ ಹೋದ್ರು?" ಎಂದ ಡ್ರೈವರ.

"ನೀನ ಓಡಿಸಿದ್ಯಲ್ಲೋ! ಮಣಕಾಲು ನೆಟ್ಟಗಿದ್ರ ನಾನೂ ಓಡ್ತಿದ್ನಿ. ಏನ್ ತಪಾಸ ಮಾಡ್ತಿ ಮಾಡು. ಗಡಿಗ್ಯಾಗ ನಾಕು ಉಳ್ಳಾಗಡ್ಡಿ ಅದಾವು."

ಆಗ ನಮಗೆ ತಿಳಿಯಿತು. ಸುತ್ತಿನ ಊರುಗಳಲ್ಲಿ ಯಾರ ಕೋಳಿ ಕಳುವಾದರೂ ಪೊಲೀಸ್ ಜೀಪು ಮೊದಲು ಬರುತ್ತಿದ್ದುದು ತಾಂಡಾಕ್ಕೆ. ಗಡಿಗೆ ಬೋರಲು ಹಾಕಿ, ಸಿಕ್ಕ ಗಂಡಸರನ್ನು ಎಳೆದೊಯ್ಯುವುದಕ್ಕೆ ಅವರು ಹೇಳುತ್ತಿದ್ದ ಮಾತೂ ತಪಾಸವೇ.

ಡಾಕ್ಟರಬಾಯಿಗೆ ಅದನ್ನೆಲ್ಲ ಯೋಚಿಸಲು ಪುರಸೊತ್ತಿರಲಿಲ್ಲ. "ಆಯಿ, ದಮ್ಮಿನ ಕೂಸು ಎಲ್ಲೈತಿ?"

"ಅದರವ್ವ ಎತ್ಗೊಂಡು ಹೊಲಾ ಹೊಕ್ಕಾಳ." ಮುದುಕಿ ಕಣ್ಣು ಕಿರಿದು ಮಾಡಿದಳು. "ನೀ ಖರೇನ ಡಾಕ್ಟರೇನು? ಹಂಗಾರ ನನ್ನ ಮಣಕಾಲು ನೋಡು."

ಬಾಯಿ ಕುಕ್ಕರಗಾಲಲ್ಲಿ ಕೂತು ಮೊಣಕಾಲನ್ನು ಒತ್ತಿದರು. ಮುದುಕಿ "ಯವ್ವಾ!" ಎಂದು ಚೀರಿ, ಕೂಡಲೇ ಖುಷಿಯಾದಳು. "ಡಾಕ್ಟರ ಹೌದು. ಪೊಲೀಸ್ರು ಇಷ್ಟ ನೋವಾಗುವಂಗ ಒತ್ತೂದಿಲ್ಲ."

"ಈಗೇನಂತ ಕರೀಲಿ? ಸೂಜಿ ಮಾಡ್ತಾರ ಅನ್ಲೇನು?" ಡ್ರೈವರ ಕೇಳಿದ.

"ಸೂಜಿ ಅಂದ್ರ ಹುಡುಗ್ರು ಕಾಗಿನೆಲಿ ಮುಟ್ಟತಾವು! ತಾ ಇಲ್ಲಿ."

ಮೈಕು ಕಸಿದುಕೊಂಡು ಮುದುಕಿ ಲಂಬಾಣಿಯಲ್ಲಿ ಶುರುಮಾಡಿದಳು. ನನಗೆ ತಿಳಿದದ್ದು "ಆವೋ, ಆವೋ" ಎಂಬುದೊಂದೇ. ಸ್ವಲ್ಪ ಹೊತ್ತಿಗೆ ಜೋಳದೊಳಗಿಂದ ನಗು ಕೇಳಿಸಿತು, ಆಮೇಲೆ ತಲೆಗಳು ಕಾಣಿಸಿಕೊಂಡವು. ಆಕೆ ಏನಂದಳೆಂದು ಆಮೇಲೆ ಕೇಳಿದಾಗ, ಡಾಕ್ಟರಬಾಯಿಯ ಕೈಯನ್ನು ಹೊಗಳಿದಳೆಂದು ಒಬ್ಬ ಹೇಳಿದ, ಡ್ರೈವರನ ಮೀಸೆಯನ್ನು ಬೈದಳೆಂದು ಇನ್ನೊಬ್ಬ. ನಗುವಿನ ಜೋರು ನೆನೆದರೆ ಮೀಸೆಯೇ ಇರಬೇಕು.

ಎಲ್ಲರಿಗಿಂತ ಕೊನೆಗೆ ಬಂದವಳು ಕೂಸಿನ ತಾಯಿ. ಕೂಸಿನ ತುಟಿ ಬಣ್ಣಗೆಟ್ಟಿತ್ತು. ಉಸಿರಿಗೊಮ್ಮೆ ಪಕ್ಕೆ ಗುಳಿ ಬೀಳುತ್ತಿತ್ತು. ಬಾಯಿ ಅಲ್ಲೇ ನೆಲದ ಮೇಲೆ ಕೂತು ಎದೆಗೆ ಸ್ಟೆತಾಸ್ಕೋಪು ಹಚ್ಚಿ ನೋಡಿದರು. "ಲಗೂ ಹತ್ರಿ ಗಾಡಿ. ಹಾವೇರ್ಯಾಗ ದವಾಖಾನಿಗೆ ಹಾಕಬೇಕು."

"ಒಳಗ ಹಾಕ್ತೀರೇನು?" ತಾಯಿ ಹಿಂದಕ್ಕೆ ಸರಿದಳು.

ನಾನೊಂದು ವಿವರಣೆ ಕೊಡಲು ಹೊರಟೆ. ಡಾಕ್ಟರಬಾಯಿ ತಡೆದರು. "ಹೌದವಾ. ನಿನ್ನ ಸಂಗಾಟ ನಾನೂ ಒಳಗ ಇರ್ತೇನಿ. ಆಯೀನೂ ಬರ್ಲಿ, ಯಾರ್ಯಾರು ಬರ್ತೀರಿ ಬರ್ರಿ."

ಯಾರ್ಯಾರು ಅಂದದ್ದೇ ತಪ್ಪಾಯಿತು. ಜೀಪಿನ ತುಂಬ ಬಳಗ ಹತ್ತಿತು. ಔಷಧಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ನನ್ನ ತೊಡೆಯ ಮೇಲೂ ಯಾರೋ ಕೂತಿದ್ದರು. ಬಾಯಿ ಮಾತ್ರ ಹಾವೇರಿ ಬರುವ ತನಕ ಕೂಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಅದು ಗಂಡುಕೂಸು ಎನ್ನುತ್ತಾರೆ ಡಾಕ್ಟರಬಾಯಿ ಈಗ. ನನಗೆ ಹೆಣ್ಣೆಂದೇ ನೆನಪು, ಆಣೆ ಮಾಡಲಾರೆ. ಆ ವಾರ ಕಾಲೇಜಿನ ಪಾಠ ಮುಗಿಸಿ ಒಂದು ಸಂಜೆ ನೋಡಲು ಹೋದಾಗ ದವಾಖಾನೆಯ ಗೇಟಿನ ಹತ್ತಿರವೇ ಒಂದು ಅಳು ಕೇಳಿಸಿತು, ಕಿವಿ ಹರಿಯುವಂಥದ್ದು. ಒಳಗೆ ತಾಯಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಅಡ್ಡಾಡುತ್ತಿದ್ದಳು.

"ಮೊಲಿ ಬಿಡಿಸಿದ್ರ ಹಿಂಗ ಒದರ್ತೈತ್ರಿ," ಎಂದು ನಕ್ಕಳು. "ಯಾರಿಗೂ ನಿದ್ದಿ ಇಲ್ಲ. ನಮ್ಮನ್ನ ಲಗೂನ ಹೊರಗ ಹಾಕ್ತಾರಂತ."