ನಾಲ್ಕು ಬೆರಳಿನ ಜಾಗ

ಎರಡು ವರ್ಷದ ಹಿಂದಿನ ಮಾತು. ಅರಸೀಕೆರೆ ಹತ್ತಿರದ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನಾನು ಎಂಜಿನಿಯರ್ ಆಗಿದ್ದೆ. ಬಾಯ್ಲರಿನಿಂದ ಒಣಗಿಸುವ ಕೋಣೆಗೆ ಹಬೆ ಒಯ್ಯುವ ಹೊಸ ಪೈಪಿನ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಹಬೆ ಹರಿದಾಗ ಪೈಪು ಕಾದು ಉದ್ದವಾಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ ಒತ್ತಡ ತಾಳದೆ ಎಲ್ಲಾದರೂ ಒಡೆಯುತ್ತದೆ. ಹಾಗಾಗಿ ಮಧ್ಯದ ಆಸರೆಗಳ ಮೇಲೆ ಪೈಪು ಜಾರುವಂತೆ ಸಾಫ್ಟ್‌ವೇರಿನಲ್ಲಿ ತೋರಿಸಿದ್ದೆ. ಒತ್ತಡ ಮಿತಿಯೊಳಗಿದೆ ಎಂದು ಪರದೆ ಪೂರ್ತಿ ಹಸಿರಾಯಿತು. ನನಗೆ ಬಲು ಹೆಮ್ಮೆ.

ಪೈಪು ಜೋಡಿಸಿದವರು ಮಾದಿಹಳ್ಳಿಯ ರಂಗಪ್ಪ, ಐವತ್ತು ದಾಟಿದ ಫಿಟ್ಟರ್. ನೀರಿನ ಪೈಪಿನಲ್ಲಿ ಪಳಗಿದ ಕೈ, ಹಬೆಯ ಕೆಲಸ ಹೊಸದು. ಅವರು ಹಾಕಿದ ಬೆಸುಗೆಯನ್ನು ಕೈಯಾಡಿಸಿ ನೋಡಬೇಕು, ಅಷ್ಟು ನಯ. ಒಂದು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ನಿಂತು, "ಮೇಡಂ, ಪೈಪು ಆಸರೆ ಮ್ಯಾಲೆ ಅಲ್ಲಾಡ್ತಾ ಐತೆ. ಒಂದ್ಸಲ ಬಂದ್ ನೋಡ್ರೀ" ಅಂದರು.

ಹೊರಗೆ ಸುಡುಬಿಸಿಲು. ಪೈಪು ಇದ್ದ ಎತ್ತರಕ್ಕೆ ಏಣಿ ಹತ್ತುವ ಮನಸ್ಸು ನನಗಿರಲಿಲ್ಲ. ತಲೆ ಕೂಡ ಎತ್ತದೆ, "ನಕ್ಷೆಯಲ್ಲಿ ಎಲ್ಲಾ ಇದೆ, ನೋಡ್ಕೊಳ್ಳಿ" ಅಂದುಬಿಟ್ಟೆ. ನಕ್ಷೆಯಲ್ಲಿದ್ದದ್ದು ಪೈಪು ಜಾರಲು ಬಿಡಬೇಕೆಂಬ ಅರ್ಥದ, ಪುಟ್ಟ ಅಕ್ಷರದ ಒಂದು ಇಂಗ್ಲಿಷ್ ಪದ.

ಅಲ್ಲಾಡುವ ಪೈಪನ್ನು ಹಾಗೇ ಬಿಟ್ಟುಹೋದರೆ ತನ್ನ ಕೆಲಸಕ್ಕೇ ಅವಮಾನವೆಂದು ರಂಗಪ್ಪ ಒಂದೊಂದು ಆಸರೆಗೂ ಅದನ್ನು ಭದ್ರವಾಗಿ ಬೆಸೆದರು. ಮೊದಲ ದಿನ ಹಬೆ ಬಿಟ್ಟಾಗ ಮೂಲೆಯ ಜೋಡಣೆ ಕಿತ್ತುಹೋಯಿತು. ಪಕ್ಕದಲ್ಲಿ ನಿಂತಿದ್ದವರು ಅವರೇ. ಬಲಗೈ ಮೊಣಕೈವರೆಗೆ ಬೆಂದಿತು.

ವಿಚಾರಣೆಯಲ್ಲಿ ನನ್ನ ವರದಿ ಕೇಳಿದರು, ಕೊಟ್ಟೆ. ಒಂದಂಕಿಯೂ ತಪ್ಪಿರಲಿಲ್ಲ. ಫಿಟ್ಟರ್ ಏನಾದರೂ ಕೇಳಿದ್ದರಾ ಎಂದು ಯಾರೂ ಕೇಳಲಿಲ್ಲ, ನಾನೂ ತುಟಿ ಬಿಚ್ಚಲಿಲ್ಲ. ತಪ್ಪು ರಂಗಪ್ಪನವರದೆಂದು ಬರೆದು ಅವರನ್ನು ಕೆಲಸದಿಂದ ತೆಗೆದರು.

ತಿಂಗಳಾದ ಮೇಲೆ ತಡೆಯಲಾರದೆ ನನ್ನೂರು ಬೇಲೂರಿನಿಂದ ಬಸ್ಸು ಹತ್ತಿ ಮಾದಿಹಳ್ಳಿಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. ರಂಗಪ್ಪ ಲೋಟವನ್ನು ಎಡಗೈಯಲ್ಲಿ ಹಿಡಿದರು, ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಕಾದ್ರೆ ಪೈಪು ಬೆಳೀತದಂತಲ್ಲ ಮೇಡಂ, ಎಷ್ಟು?" ಎಂದು ಕೇಳಿದರು.

ನಾಲ್ಕು ಬೆರಳು ಜೋಡಿಸಿ ತೋರಿಸಿದೆ.

"ಇಷ್ಟೇನಾ? ಒಂದ್ ಮಾತು ಹೇಳಿದ್ರೆ ಜಾಗ ಬಿಡ್ತಿದ್ನಲ್ಲ."

ವಾಪಸ್ ಬರುವಾಗ ಹಳೇಬೀಡು ದಾಟಿದರೂ ಬಸ್ಸಿನಲ್ಲಿ ನನ್ನ ಅಳು ನಿಲ್ಲಲಿಲ್ಲ. ಈಗ ಬೇರೆ ಕಡೆ ಕೆಲಸ. ಕರೆದಾಗೆಲ್ಲ ಏಣಿ ಹತ್ತುತ್ತೇನೆ. ಅದರಿಂದ ರಂಗಪ್ಪನವರಿಗೆ ಬಂದ ಭಾಗ್ಯವೇನೂ ಇಲ್ಲ. ಅವತ್ತು ವಿಚಾರಣೆಯಲ್ಲಿ ನುಂಗಿಕೊಂಡ ಮಾತನ್ನು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ: ಅವರು ನನ್ನನ್ನು ಕರೆಯಲು ಬಂದಿದ್ದರು, ನಾನು ಹೋಗಲಿಲ್ಲ.